ಅವಿರೋಧ ಆಯ್ಕೆಗೆ ಹಾರ ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮೂರಿನ ಸೊಸೈಟಿ ಸುದ್ದಿ ಬಂದಿತ್ತು. ಎರಡು ಕಾಲಂ ಸುದ್ದಿ, ಮೇಲೆ ಫೋಟೋ. ಹದಿಮೂರು ನಿರ್ದೇಶಕರು ಸಾಲಾಗಿ ನಿಂತಿದ್ದಾರೆ, ಎಲ್ಲರ ಕೊರಳಲ್ಲೂ ಹಾರ, ಮಧ್ಯದಲ್ಲಿ ಹಳೆಯ ಅಧ್ಯಕ್ಷರೇ ಮತ್ತೆ ಹೊಸ ಅಧ್ಯಕ್ಷರು. ‘ಎಲ್ಲರೂ ಅವಿರೋಧ ಆಯ್ಕೆ’ ಅಂತ ತಲೆಬರಹ. ಅದೇ ದಿನ ಒಳಪುಟದಲ್ಲಿ ಜಗತ್ತಿನಲ್ಲಿ ಪ್ರಜಾಪ್ರಭುತ್ವ ಸೊರಗುತ್ತಿದೆ, ಸರ್ವಾಧಿಕಾರಿಗಳು ಹೆಚ್ಚುತ್ತಿದ್ದಾರೆ ಅಂತ ಒಂದು ದೊಡ್ಡ ಲೇಖನವೂ ಇತ್ತು. ನನಗೆ ಮಾತ್ರ ಆ ಎರಡೂ ಒಂದೇ ಸುದ್ದಿಯ ಹಾಗೆ ಕಂಡವು. ಯಾಕೆ ಅಂತ ಹೇಳೋದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಮೇಷ್ಟ್ರ ಕೆಲಸ ಮಾಡಿ ರಿಟೈರ್ ಆದವನು ನಾನು, ಬೆಲ್ ಹೊಡೆಯುವ ತನಕ ಮಾತಾಡಿ ಅಭ್ಯಾಸ. ಜಾಗ ಸಾಲದಿದ್ದರೆ ಕತ್ತರಿಸಿಕೊಳ್ಳಿ.

ಆ ಫೋಟೋದಲ್ಲಿ ಇಲ್ಲದ ಹದಿನಾಲ್ಕನೆಯವನು ನಮ್ಮಣ್ಣನ ಮಗ. ಮೂರು ಎಕರೆ ರೋಬಸ್ಟಾ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಸೊಸೈಟಿಯಲ್ಲಿ ಬೆಳೆ ಸಾಲ. ಹೋದ ಮಹಾಸಭೆಯಲ್ಲಿ ಎದ್ದು ನಿಂತು ಗೊಬ್ಬರದ ಗೋದಾಮಿನ ರಿಪೇರಿ ಲೆಕ್ಕ ಕೇಳಿದ್ದ. ‘ಆಮೇಲೆ ಕೊಡ್ತೀವಿ, ಕೂತ್ಕೊ’ ಅಂದರು. ಕೂತ. ಲೆಕ್ಕ ಬರಲಿಲ್ಲ. ಸರಿ, ನಾನೇ ನಿಂತು ನೋಡ್ತೀನಿ ಅಂತ ನಾಮಪತ್ರ ಹಾಕಿದ. ಆಮೇಲೆ ಮೂರು ಸಂಜೆ ನಮ್ಮನೆ ಜಗಲಿಗೆ ಜನ ಬಂದರು. ಯಾರೂ ಜೋರು ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಬೆಲ್ಲದ ಕಾಫಿ ಕುಡಿದರು, ಮಳೆ ವಿಷಯ ಆಯಿತು, ಕಾಫಿ ರೇಟಿನ ವಿಷಯ ಆಯಿತು. ಮೊದಲ ದಿನ ‘ಊರಲ್ಲಿ ಸುಮ್ನೆ ಯಾಕೆ ಒಡಕು’ ಅಂದರು. ಎರಡನೇ ದಿನ ‘ಎಲೆಕ್ಷನ್ ಖರ್ಚು ಸೊಸೈಟಿ ತಲೆ ಮೇಲೇ ಅಲ್ವಾ ಬರೋದು’ ಅಂದರು. ಮೂರನೇ ದಿನ ಹೊರಡುವಾಗ, ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಒಬ್ಬರು ಕೇಳಿದರು: ‘ನಿನ್ನ ಸಾಲದ ರಿನೀವಲ್ ಮುಂದಿನ ತಿಂಗಳಲ್ವಾ ಮಗಾ?’ ಅಷ್ಟೇ. ಮರುದಿನ ಹೋಗಿ ನಾಮಪತ್ರ ವಾಪಸ್ ತಗೊಂಡು ಬಂದ. ‘ಇನ್ನೇನ್ ಮಾಡೋದು ಚಿಕ್ಕಪ್ಪ’ ಅಂದ. ಏನು ಹೇಳಬೇಕೋ ನನಗೂ ತೋಚಲಿಲ್ಲ.

ಪತ್ರಿಕೆಯಲ್ಲಿ ‘ಅವಿರೋಧ’ ಅಂತ ಓದಿದಾಗೆಲ್ಲ ಈಗ ನನಗೆ ಆ ಮೆಟ್ಟಿಲ ಹತ್ತಿರದ ಮಾತು ಕೇಳಿಸುತ್ತದೆ.

ನಾನು ಗಣಿತದ ಮೇಷ್ಟ್ರು. ಕ್ಲಾಸಿನಲ್ಲಿ ಒಬ್ಬನಿಗೆ 99 ಬಂದರೆ ಖುಷಿ. ಎಲ್ಲರಿಗೂ 99 ಬಂದರೆ ಪ್ರಶ್ನೆಪತ್ರಿಕೆ ಮೊದಲೇ ಹೊರಗೆ ಬಂದಿದೆ ಅಂತ ಅರ್ಥ. ಈಗ ಈ ಅಂಕಗಳನ್ನು ನೋಡಿ. 2024ರ ಜುಲೈನಲ್ಲಿ ರುವಾಂಡಾದ ಪೌಲ್ ಕಗಾಮೆ ಗೆದ್ದಿದ್ದು ನೂರಕ್ಕೆ 99 ಓಟಿನಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ರಷ್ಯಾದ ಪುಟಿನ್‌ಗೆ ನೂರಕ್ಕೆ 87. ಅದಕ್ಕೆ ಒಂದು ತಿಂಗಳ ಹಿಂದೆ, ಫೆಬ್ರುವರಿ 16ರಂದು, ಅವರ ದೊಡ್ಡ ಎದುರಾಳಿ ಅಲೆಕ್ಸಿ ನವಾಲ್ನಿ ಹಿಮದ ನಾಡಿನ ಜೈಲಿನಲ್ಲಿ ಸತ್ತುಹೋಗಿದ್ದರು. ಅಕ್ಟೋಬರ್‌ನಲ್ಲಿ ಟ್ಯುನಿಷಿಯಾದ ಅಧ್ಯಕ್ಷರಿಗೆ 90 ಚಿಲ್ಲರೆ, ಎದುರಿಗೆ ನಿಲ್ಲಲು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬರು ಜೈಲಿನಲ್ಲೇ ಇದ್ದರು. 2025ರ ಅಕ್ಟೋಬರ್‌ನಲ್ಲಿ ಟಾಂಜಾನಿಯಾದಲ್ಲಿ ಸುಮಾರು 98, ಅಲ್ಲೂ ಮುಖ್ಯ ವಿರೋಧ ಪಕ್ಷದ ನಾಯಕನ ಮೇಲೆ ದೇಶದ್ರೋಹದ ಕೇಸು, ಆಸಾಮಿ ಒಳಗೆ. ಇವರು ಯಾರೂ ಚುನಾವಣೆ ನಿಲ್ಲಿಸಿದವರಲ್ಲ. ಎಲ್ಲರೂ ಶಿಸ್ತಾಗಿ ಚುನಾವಣೆ ನಡೆಸಿದವರೇ. ಬೂತು, ಸಾಲು, ಪೆಟ್ಟಿಗೆ, ಎಣಿಕೆ ಎಲ್ಲಾ ಇತ್ತು. ಸೋಲಿಸುವಂಥ ಎದುರಾಳಿ ಮಾತ್ರ ಇರಲಿಲ್ಲ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಅನ್ನುವ ಸಂಸ್ಥೆ ವರ್ಷಾ ವರ್ಷಾ ಇದರ ಲೆಕ್ಕ ಹಾಕುತ್ತದೆ. ಅವರ 2025ರ ವರದಿಯ ಪ್ರಕಾರ 2024ರ ಕೊನೆಗೆ 91 ದೇಶಗಳಲ್ಲಿ ಸರ್ವಾಧಿಕಾರ, 88ರಲ್ಲಿ ಪ್ರಜಾಪ್ರಭುತ್ವ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಸರ್ವಾಧಿಕಾರದ ಕಡೆಯೇ ಸಂಖ್ಯೆ ಜಾಸ್ತಿ ಆಗಿತ್ತು. ಭೂಮಿ ಮೇಲಿನ ನೂರು ಜನರಲ್ಲಿ 72 ಜನ ಅಂಥ ದೇಶಗಳಲ್ಲಿ ಇದ್ದರಂತೆ. ಆ ಲೆಕ್ಕದಲ್ಲಿ ಅವರು ನಮ್ಮ ದೇಶವನ್ನೂ ‘ಚುನಾವಣೆ ಇರುವ ಸರ್ವಾಧಿಕಾರ’ದ ಸಾಲಿಗೆ ಹಾಕಿದ್ದಾರೆ. ನಮ್ಮ ಸರ್ಕಾರ ಇಂಥ ವರದಿಗಳನ್ನು ಒಪ್ಪುವುದಿಲ್ಲ, ಅಳತೆಗೋಲೇ ಸರಿ ಇಲ್ಲ ಅನ್ನುತ್ತದೆ. ಮಾರ್ಕ್ಸ್ ಹಾಕಿದವರ ಮೇಲಿನ ಜಗಳ ಶಾಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ, ನಾನು ಅದಕ್ಕೆ ಹೋಗಲ್ಲ. ಉತ್ತರಪತ್ರಿಕೆಯನ್ನೇ ತೆಗೆದು ನೋಡೋಣ ಅನ್ನುವವನು ನಾನು.

ಮೊದಲು ಶಾಯಿ ವಿಷಯ ಹೇಳುತ್ತೇನೆ, ಅದು ನಮ್ಮ ಪಕ್ಕದ್ದೇ. ಓಟು ಹಾಕಿದಾಗ ಎಡಗೈ ತೋರುಬೆರಳಿಗೆ ಹಚ್ಚುವ ಆ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಶಾಯಿ. ಹೊರದೇಶಗಳಿಗೂ ಹೋಗುತ್ತದೆ, ಕಾಂಬೋಡಿಯಾಕ್ಕೂ ಹೋಗಿದ್ದುಂಟು. ಆ ಕಾಂಬೋಡಿಯಾದಲ್ಲಿ ಏನಾಯಿತು ನೋಡಿ. 2017ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮುಖ್ಯ ವಿರೋಧ ಪಕ್ಷವನ್ನೇ ವಿಸರ್ಜಿಸಿಬಿಟ್ಟಿತು. ಮುಂದಿನ ಜುಲೈನಲ್ಲಿ ಚುನಾವಣೆ. ನಿಲ್ಲುವ ಹಾಗಿಲ್ಲದ ವಿರೋಧ ಪಕ್ಷದವರು ಜನರಿಗೆ ‘ಬೆರಳು ಶುಭ್ರವಾಗಿರಲಿ’ ಅಂತ ಕರೆ ಕೊಟ್ಟರು, ಅಂದರೆ ಓಟು ಹಾಕಬೇಡಿ ಅಂತ. ಆಗ ಶಾಯಿ ಇಲ್ಲದ ಬೆರಳೇ ಅನುಮಾನಕ್ಕೆ ಕಾರಣ ಆಯಿತು. ಕೆಲಸ ಹೋದೀತು, ಯಾರಾದರೂ ಕೇಳಿಯಾರು ಅಂತ ಹೆದರಿ ಎಷ್ಟೋ ಜನ ಹೋಗಿ ಬೆರಳು ಅದ್ದಿ ಬಂದರು. ಆಳುವ ಪಕ್ಷಕ್ಕೆ 125ಕ್ಕೆ 125 ಸೀಟು. ಕಳ್ಳ ಓಟು ತಡೆಯಲು ಕಂಡುಹಿಡಿದ ಶಾಯಿ ಹಾಜರಿ ಪುಸ್ತಕ ಆಗಿಹೋಯಿತು.

ಇನ್ನೊಂದು ನನ್ನ ಕೈಯಾರೆ ಬರೆದ ಕಾಗದದ ವಿಷಯ. 2013ರ ಮೇ 5ರ ವಿಧಾನಸಭೆ ಚುನಾವಣೆಗೆ ನಾನು ಪ್ರಿಸೈಡಿಂಗ್ ಆಫೀಸರ್. ಬೆಟ್ಟದ ಮೇಲಿನ ಒಂದು ಶಾಲೆ, ಸಂಜೆ ಗುಡುಗು ಮಳೆ, ಕರೆಂಟ್ ಹೋಯಿತು. ಮತದಾನ ಮುಗಿದ ಮೇಲೆ ನಮೂನೆ 17ಸಿ ಅಂತ ಒಂದು ಬರೆಯಬೇಕು. ಮತಯಂತ್ರದಲ್ಲಿ ಒಟ್ಟು ಎಷ್ಟು ಓಟು ದಾಖಲಾಗಿದೆ, ರಿಜಿಸ್ಟರಿನಲ್ಲಿ ಎಷ್ಟು ಸಹಿ ಇದೆ, ಯಂತ್ರದ ನಂಬರು ಏನು, ಎಲ್ಲ ಬರೆದು ಸಹಿ ಹಾಕಿ, ಅಲ್ಲಿರುವ ಪ್ರತಿ ಪಕ್ಷದ ಏಜೆಂಟನಿಗೂ ಒಂದೊಂದು ಪ್ರತಿ ಕೊಡಬೇಕು. ಮೇಣದಬತ್ತಿ ಬೆಳಕಿನಲ್ಲಿ ನಾನು ಒಂದಾದ ಮೇಲೆ ಒಂದು ಬರೆಯುತ್ತಿದ್ದೆ. ಹೊರಗೆ ಡಿ-ಮಸ್ಟರಿಂಗ್‌ಗೆ, ಅಂದರೆ ಯಂತ್ರ ವಾಪಸ್ ಒಪ್ಪಿಸುವುದಕ್ಕೆ, ಹೋಗುವ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ, ನಮ್ಮ ಸಿಬ್ಬಂದಿ ಬೆಳಿಗ್ಗೆ ಉಪ್ಪಿಟ್ಟು ತಿಂದವರು ಹಸಿದು ಕೂತಿದ್ದರು. ದೊಡ್ಡ ಪಕ್ಷಗಳ ಏಜೆಂಟರಲ್ಲಿ ಒಬ್ಬರು ‘ಇರ್ಲಿ ಬಿಡಿ ಸಾರ್’ ಅಂತ ಆಗಲೇ ಛತ್ರಿ ಬಿಡಿಸಿ ನಿಂತಿದ್ದರು. ಒಬ್ಬ ಹುಡುಗ ಮಾತ್ರ ಹೋಗಲಿಲ್ಲ. ಅವನ ಪಕ್ಷಕ್ಕೆ ಆ ಬೂತಿನಲ್ಲಿ ಹತ್ತು ಓಟು ಬರುವುದೂ ಕಷ್ಟ ಅಂತ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ‘ಎಷ್ಟೇ ಬರ್ಲಿ, ನಮ್ಮ ಕಾಪಿ ನಮಗೆ ಕೊಡಿ ಸಾರ್’ ಅಂದ. ನನಗೆ ಸಿಟ್ಟೇ ಬಂತು. ಬರೆದು ಕೊಟ್ಟೆ. ಅವನು ಅದನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಅಂಗಿ ಒಳಗೆ ಇಟ್ಟುಕೊಂಡು ಮಳೆಯಲ್ಲಿ ಹೋದ.

ಹನ್ನೊಂದು ವರ್ಷ ಆದ ಮೇಲೆ ಆ ಹುಡುಗ ನೆನಪಾದ. 2024ರ ಜುಲೈ 28ರಂದು ವೆನೆಜುವೆಲಾದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಅಲ್ಲಿನ ಚುನಾವಣಾ ಮಂಡಳಿ ಅಧಿಕಾರದಲ್ಲಿದ್ದ ಮದುರೊ ಗೆದ್ದರು ಅಂತ ಘೋಷಿಸಿತು, ಆದರೆ ಬೂತುವಾರು ಲೆಕ್ಕ ಕೊಡಲಿಲ್ಲ. ಅಲ್ಲೂ ನಮ್ಮ 17ಸಿ ತರಹದ್ದೇ ಒಂದು ಚೀಟಿ ಇದೆ. ಯಂತ್ರವೇ ಮುದ್ರಿಸಿ ಕೊಡುತ್ತದೆ, ಯಾರಿಗೆ ಎಷ್ಟು ಓಟು ಅನ್ನುವುದೂ ಅದರಲ್ಲೇ ಇರುತ್ತದೆ, ಏಜೆಂಟರಿಗೆ ಒಂದು ಪ್ರತಿ. ವಿರೋಧ ಪಕ್ಷದ ಸಾಮಾನ್ಯ ಕಾರ್ಯಕರ್ತರು ಆ ಚೀಟಿಗಳನ್ನು ಜೋಪಾನ ಮಾಡಿ ತಂದರು. ನೂರಕ್ಕೆ 80ಕ್ಕೂ ಹೆಚ್ಚು ಯಂತ್ರಗಳ ಚೀಟಿಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಕೂಡಿ ನೋಡಲಿ ಅಂತ ಇಂಟರ್‌ನೆಟ್ಟಿಗೆ ಹಾಕಿದರು. ಕೂಡಿದರೆ ಗೆದ್ದದ್ದು ಎದುರಾಳಿ ಎಡ್ಮುಂಡೊ ಗೊನ್ಸಾಲೆಸ್, ಅದೂ ಭಾರಿ ಅಂತರದಲ್ಲಿ. ಅಷ್ಟಾದರೂ ಕುರ್ಚಿ ಅವರಿಗೆ ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಗೊನ್ಸಾಲೆಸ್ ಸ್ಪೇನಿಗೆ ಓಡಿಹೋಗಬೇಕಾಯಿತು, 2025ರ ಜನವರಿಯಲ್ಲಿ ಮದುರೊ ಮತ್ತೆ ಪ್ರಮಾಣವಚನ ಮಾಡಿದರು. ಆದರೂ ಸುಳ್ಳು ಹೇಳುತ್ತಿರುವುದು ಯಾರು ಅಂತ ಇಡೀ ಪ್ರಪಂಚಕ್ಕೆ ಗೊತ್ತಾಗಿದ್ದು ಆ ಚೀಟಿಗಳಿಂದ. ಮೇಣದಬತ್ತಿ ಹಿಡಿದು ಸಿಟ್ಟಿನಲ್ಲಿ ಬರೆದ ನನ್ನ ಕಾಗದಕ್ಕೆ ಅಷ್ಟು ಬೆಲೆ ಇದೆ ಅಂತ ಅಂದು ನನಗೆ ಹೊಳೆದಿರಲಿಲ್ಲ.

ಟ್ಯಾಂಕು ತಂದು ಅಧಿಕಾರ ಹಿಡಿಯುವ ಕಾಲ ಪೂರ್ತಿ ಮುಗಿದಿಲ್ಲ. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರಂದು, ಹೊಸ ಸಂಸತ್ತು ಸೇರಬೇಕಿದ್ದ ದಿನ ಬೆಳಗಿನ ಜಾವವೇ ಸೇನೆ ಅದನ್ನು ಮಾಡಿತು. ಆದರೆ ಈಗ ಜಾಸ್ತಿ ನಡೆಯುವುದು ಕಾನೂನಿನ ಪುಸ್ತಕ ಹಿಡಿದೇ. ಹಂಗೇರಿಯಲ್ಲಿ 2010ರಲ್ಲಿ ವಿಕ್ಟರ್ ಓರ್ಬಾನ್ ಪಕ್ಷಕ್ಕೆ ಬಿದ್ದದ್ದು ನೂರಕ್ಕೆ 53 ಓಟು, ಸೀಟು ಮಾತ್ರ ಮೂರನೇ ಎರಡು ಭಾಗ. ಅಷ್ಟು ಸಾಕಾಯಿತು. ಒಂದೇ ವರ್ಷದಲ್ಲಿ ಹೊಸ ಸಂವಿಧಾನ. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿದರು, ಹಿರಿಯ ನ್ಯಾಯಾಧೀಶರೆಲ್ಲ ಒಟ್ಟಿಗೆ ಮನೆಗೆ. (ನಮ್ಮನ್ನು 60ಕ್ಕೇ ಕಳಿಸುತ್ತಾರೆ, ನಾವು ಯಾರೂ ಕೇಳಲಿಲ್ಲ, ಅದು ಬೇರೆ.) ಅದು ತಪ್ಪು ಅಂತ ಯುರೋಪಿನ ಕೋರ್ಟು 2012ರಲ್ಲಿ ಹೇಳುವ ಹೊತ್ತಿಗೆ ಕುರ್ಚಿಗಳು ಭರ್ತಿ ಆಗಿದ್ದವು. 2018ರಲ್ಲಿ 400ಕ್ಕೂ ಹೆಚ್ಚು ಪತ್ರಿಕೆ, ಚಾನೆಲ್, ವೆಬ್‌ಸೈಟುಗಳನ್ನು ಅವುಗಳ ಮಾಲೀಕರು ಸರ್ಕಾರದ ಪರ ಇರುವ ಒಂದೇ ಟ್ರಸ್ಟಿಗೆ ದಾನ ಮಾಡಿಬಿಟ್ಟರು. ದಾನ! ನಿಮ್ಮ ಪತ್ರಿಕೆಯನ್ನು ಹಾಗೆ ಯಾರಾದರೂ ದಾನ ಕೊಟ್ಟರೆ ನನ್ನ ಈ ಪತ್ರ ಎಲ್ಲಿ ಬರುತ್ತದೆ ಹೇಳಿ.

ಇದನ್ನೆಲ್ಲ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಅಲ್ಲಿನ ಮಾತೇ ಬೇರೆ. ರಾತ್ರಿ ಆನೆ ಬಂದು ಬಾಳೆ, ಕಾಫಿ ಗಿಡ ತುಳಿದು ಹೋಗಿದೆ, ಮಳೆ ಶುರುವಾದರೆ ಮೂರು ದಿನ ಕರೆಂಟ್ ಇಲ್ಲ, ಪೋಡಿ ಫೈಲು ತಾಲ್ಲೂಕು ಆಫೀಸಿನಲ್ಲಿ ಮಲಗಿ ವರ್ಷಗಳಾದವು. ‘ಈ ದೇಶಕ್ಕೆ ಒಂದು ಹತ್ತು ವರ್ಷ ಮಿಲಿಟರಿ ಆಡಳಿತ ಬರಬೇಕು ಮೇಷ್ಟ್ರೆ, ಎಲ್ಲಾ ಸರಿ ಹೋಗುತ್ತೆ.’ ವಾರಕ್ಕೆ ಒಂದು ಸಲವಾದರೂ ಈ ಮಾತು ಕೇಳುತ್ತೇನೆ. ಹೇಳುವವರನ್ನು ದಡ್ಡರು ಅಂತ ನಾನು ಅಂದುಕೊಂಡಿಲ್ಲ. ಅವರ ಹೊಟ್ಟೆ ಉರಿದಿರುತ್ತದೆ. ಎಲ್ ಸಾಲ್ವಡಾರ್ ಜನರದ್ದೂ ಹೀಗೇ ಆಗಿತ್ತು. ರೌಡಿ ಗ್ಯಾಂಗುಗಳ ಕೈಗೆ ಸಿಕ್ಕಿ ನಲುಗಿದ್ದ ದೇಶ ಅದು. ಬುಕೆಲೆ ಅಧ್ಯಕ್ಷರಾಗಿ ಬಂದು 2022ರ ಮಾರ್ಚ್‌ನಲ್ಲಿ 30 ದಿನಕ್ಕೆ ಅಂತ ತುರ್ತು ಪರಿಸ್ಥಿತಿ ಹೇರಿದರು, 80 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೆ ಹಾಕಿದರು, ಕೊಲೆಗಳು ಇಳಿದವು, ಜನ ಕೈ ಎತ್ತಿ ಮುಗಿದರು. ಆ 30 ದಿನವನ್ನು ತಿಂಗಳು ತಿಂಗಳು ಮುಂದೆ ಹಾಕುತ್ತಾ ವರ್ಷಗಳೇ ಕಳೆದವು. 2025ರ ಜುಲೈ 31ರಂದು ಒಬ್ಬನೇ ಎಷ್ಟು ಸಲ ಬೇಕಾದರೂ ಅಧ್ಯಕ್ಷ ಆಗಬಹುದು ಅಂತ ಸಂವಿಧಾನ ತಿದ್ದಿದರು, ಪರ 57 ಓಟು, ವಿರೋಧ 3. ನಾಳೆ ಅದೇ ಪೊಲೀಸು ತಪ್ಪು ಮಾಡದ ಮಗನನ್ನು ಎತ್ತಿಕೊಂಡು ಹೋದರೆ ಆ ತಾಯಿ ಯಾರ ಹತ್ತಿರ ಹೋಗಬೇಕು? ಕೋರ್ಟಿನ ಜಡ್ಜುಗಳನ್ನು 2021ರಲ್ಲೇ ತೆಗೆದು ಹಾಕಿಯಾಗಿದೆ.

ನಮ್ಮೂರಲ್ಲಿ ಒಬ್ಬರು ಸುಬೇದಾರರು ಇದ್ದಾರೆ, ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದು ಬಂದವರು. ಒಂದು ದಿನ ಈ ಮಿಲಿಟರಿ ಮಾತು ಅವರ ಎದುರೇ ಬಂತು. ಅವರು ನಕ್ಕರು. ‘ಮೇಷ್ಟ್ರೆ, ನಮ್ಮಲ್ಲಿ ಮೇಲಿನವನು ತಪ್ಪು ಹೇಳಿದ್ರೂ ಮೊದಲು ಹೂಂ ಅನ್ಬೇಕು. ಗಡಿಯಲ್ಲಿ ಅದು ಬೇಕು. ಗೊಬ್ಬರದ ಲೆಕ್ಕ ಕೇಳೋಕೆ ಹೂಂ ಅನ್ನೋ ಜನ ಸಾಕಾ?’ ಅಂದರು. ಹೋಟೆಲಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಜನರಲ್ ತಿಮ್ಮಯ್ಯನವರ ಊರಿನವರಾದ ನಾವು ಮಿಲಿಟರಿ ಆಡಳಿತ ಬೇಕು ಅನ್ನುವಾಗ ಸ್ವಲ್ಪ ಯೋಚನೆ ಮಾಡಬೇಕು. 1947ರ ತನಕ ಭಾರತದ್ದೂ ಪಾಕಿಸ್ತಾನದ್ದೂ ಒಂದೇ ಸೇನೆ, ಒಂದೇ ತರಬೇತಿ. ಆ ಕಡೆಗೆ ಹೋದ ಅಯೂಬ್ ಖಾನ್ 1958ರ ಅಕ್ಟೋಬರ್‌ನಲ್ಲಿ ದೇಶವನ್ನೇ ಕೈಗೆ ತಗೊಂಡರು. ಈ ಕಡೆ ನಮ್ಮ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಮುಂದಿನ ವರ್ಷ, 1959ರ ಆಗಸ್ಟ್ ಕೊನೆಗೆ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಗಳ ಆಗಿ ಏನು ಮಾಡಿದರು? ರಾಜೀನಾಮೆ ಬರೆದು ಕೊಟ್ಟರು. ನೆಹರೂ ಕರೆದು ಮಾತಾಡಿದ ಮೇಲೆ ವಾಪಸ್ ತಗೊಂಡರು. ಆಮೇಲೆ ಸಂಸತ್ತಿನಲ್ಲಿ ನೆಹರೂ ತಿಮ್ಮಯ್ಯನವರನ್ನೇ ಟೀಕೆ ಮಾಡಿದರು, ಅದನ್ನೂ ಇವರು ನುಂಗಿಕೊಂಡರು. 1961ರಲ್ಲಿ ನಿವೃತ್ತಿ ಆಗಿ ಹೋದರು. ಲಕ್ಷಾಂತರ ಸೈನಿಕರು ಕೈ ಕೆಳಗೆ ಇದ್ದ ಮನುಷ್ಯ ಸಿಟ್ಟು ಬಂದಾಗ ತೆಗೆದದ್ದು ಪೆನ್ನು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ನಲ್ಲಿ ಬಹಳ ವರ್ಷ ಆರ್‌ಟಿಒ ಆಫೀಸು ಇತ್ತು, ನಾನು ಲೈಸೆನ್ಸಿಗೆ ಅಲ್ಲೇ ಸಾಲಿನಲ್ಲಿ ನಿಂತಿದ್ದೆ. 2021ರಿಂದ ಅದು ಮ್ಯೂಸಿಯಂ. ಪ್ರವಾಸಿಗಳು ಹೊರಗಿಟ್ಟ ಟ್ಯಾಂಕಿನ ಮುಂದೆ ಸೆಲ್ಫಿ ತೆಗೆಯುತ್ತಾರೆ. ಆ ರಾಜೀನಾಮೆ ಕತೆಯನ್ನು ಮಕ್ಕಳಿಗೆ ಹೇಳುವವರು ಕಮ್ಮಿ.

ವಿರೋಧ ಪಕ್ಷ ಇದ್ದರೆ ಬರೀ ಗಲಾಟೆ, ಕೆಲಸ ಆಗಲ್ಲ ಅನ್ನುವವರಿಗೆ 2018ರ ಆಗಸ್ಟ್ ನೆನಪು ಮಾಡಿಕೊಡುತ್ತೇನೆ. ಮಕ್ಕಂದೂರು, ಜೋಡುಪಾಲ, ಮಾದಾಪುರ ಕಡೆ ಬೆಟ್ಟವೇ ಕುಸಿದು ಬಂದ ಆ ವಾರ ನಮ್ಮ ಶಾಲೆಯಲ್ಲೂ ಗಂಜಿ ಕೇಂದ್ರ ಇತ್ತು. ಉಟ್ಟ ಬಟ್ಟೆಯಲ್ಲಿ ಬಂದವರು, ಪ್ಲಾಸ್ಟಿಕ್ ಚೀಲದಲ್ಲಿ ಆರ್‌ಟಿಸಿ, ಪಾಸ್‌ಬುಕ್ ಮಾತ್ರ ತಂದ ಒಬ್ಬ ಅಜ್ಜಿ, ನಾಯಿ ಬಿಟ್ಟು ಬಂದೆ ಅಂತ ಅಳುವ ಹುಡುಗ. ಆಗ ಜಿಲ್ಲೆಯ ಇಬ್ಬರೂ ಶಾಸಕರು ವಿರೋಧ ಪಕ್ಷದವರು. ಕೂಗಾಡಿದರು. ಪತ್ರಿಕೆಗಳು ದಿನಾ ಬರೆದವು, ಚಾನೆಲಿನವರು ಮೈಕ್ ಹಿಡಿದು ಕೆಸರಲ್ಲಿ ನಿಂತರು (ಕೆಲವರು ಸ್ವಲ್ಪ ಜಾಸ್ತಿಯೇ ನಾಟಕ ಮಾಡಿದರು). ಮುಖ್ಯಮಂತ್ರಿ ಬಂದರು, ಕೇಂದ್ರದ ಮಂತ್ರಿ ಬಂದರು, ಇಬ್ಬರಿಗೂ ಜನ ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಮನೆಗಳು ತಡವಾಗಿ ಬಂದವು, ಎಲ್ಲರಿಗೂ ಬರಲಿಲ್ಲ ಅನ್ನುವ ದೂರೂ ಇದೆ. ಆದರೆ ಬಂದದ್ದು ಆ ಗಲಾಟೆಯಿಂದ.

ಗಲಾಟೆ ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. 2008ರ ಮೇ ಮೊದಲ ವಾರ ಮ್ಯಾನ್ಮಾರ್‌ಗೆ ನರ್ಗಿಸ್ ಚಂಡಮಾರುತ ಹೊಡೆಯಿತು. ಸತ್ತವರು, ಕಾಣೆಯಾದವರು ಸೇರಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಹೊರದೇಶದ ಹಡಗುಗಳು ಅಕ್ಕಿ, ಔಷಧಿ ತಂದು ಸಮುದ್ರದಲ್ಲಿ ಕಾಯುತ್ತಿದ್ದವು, ಸೇನಾ ಸರ್ಕಾರ ಒಳಗೆ ಬಿಡಲಿಲ್ಲ. ಅದರ ಗಮನ ಬೇರೆ ಕಡೆ ಇತ್ತು. ಚಂಡಮಾರುತ ಆಗಿ ಒಂದೇ ವಾರಕ್ಕೆ, ಮೇ 10ರಂದು, ತನ್ನ ಹೊಸ ಸಂವಿಧಾನಕ್ಕೆ ಜನಮತ ಗಣನೆ ನಡೆಸಿತು. ತೀರಾ ಹಾಳಾದ ಜಾಗಗಳಿಗೆ ಮಾತ್ರ ಎರಡು ವಾರ ಮುಂದೆ ಹಾಕಿದರು, ದೊಡ್ಡ ಮನಸ್ಸು. ಹೆಣ ಇನ್ನೂ ಗದ್ದೆಯಲ್ಲಿ ತೇಲುತ್ತಿರುವಾಗ ಫಲಿತಾಂಶ ಬಂತು. ನೂರಕ್ಕೆ 92 ಜನ ಒಪ್ಪಿದ್ದಾರಂತೆ.

ನಮ್ಮ ಕೊಡಗಿಗೂ ಒಮ್ಮೆ ಹೀಗೆ ಎಲ್ಲರ ಒಪ್ಪಿಗೆ ಬಂದಿತ್ತು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಗೊಂಡಾಗ ಹೊರಡಿಸಿದ ಘೋಷಣೆ ಹೇಗೆ ಶುರುವಾಗುತ್ತದೆ ಗೊತ್ತಾ? ಕೊಡಗಿನ ಜನರ ಸರ್ವಾನುಮತದ ಇಚ್ಛೆ ಇದು, ಅದಕ್ಕೇ ಕಂಪನಿ ಸರ್ಕಾರ ನಿಮ್ಮನ್ನು ರಕ್ಷಣೆಗೆ ತಗೊಳ್ಳುತ್ತಿದೆ ಅಂತ. ರಾಜ ಕೆಟ್ಟವನಾಗಿದ್ದ, ಆತ ಹೋದದ್ದಕ್ಕೆ ಬಹಳ ಜನಕ್ಕೆ ಸಮಾಧಾನವೂ ಆಗಿರಬಹುದು. ಆದರೆ ಸರ್ವಾನುಮತ? ಮೂರೇ ವರ್ಷಕ್ಕೆ, 1837ರಲ್ಲಿ, ಕೊಡಗು, ಸುಳ್ಯದ ರೈತರು ಎದ್ದು ಮಂಗಳೂರಿನ ತನಕ ನಡೆದುಹೋದರು. ಅದೇ ವರ್ಷ ಆ ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಇಲ್ಲ ಅನ್ನುವುದಕ್ಕೆ ಜಾಗ ಇರಲಿಲ್ಲ, ಹಗ್ಗ ಇತ್ತು.

ಅದೇ ಮಡಿಕೇರಿ ಕೋಟೆಯಲ್ಲಿ ಆಮೇಲೆ ಕೊಡಗು ರಾಜ್ಯದ ವಿಧಾನಸಭೆಯೂ ಕೂತಿತು. 1952ರ ಚುನಾವಣೆ, 24 ಸೀಟು. ಕಾಂಗ್ರೆಸ್ಸಿಗೆ 15, ಉಳಿದ 9 ಪಕ್ಷೇತರರಿಗೆ. ಕೊಡಗು ಬೇರೆಯಾಗಿಯೇ ಇರಲಿ ಅನ್ನುತ್ತಿದ್ದ ಪಂದ್ಯಂಡ ಬೆಳ್ಯಪ್ಪನವರ ಕಡೆಯವರಿಗೆ ಬಹುಮತ ಸಿಗಲಿಲ್ಲ, 1956ರ ನವೆಂಬರ್ 1ರಂದು ಕೊಡಗು ಮೈಸೂರಿಗೆ ಸೇರಿತು. ಸೇರಿದ್ದು ಸರಿಯಾ ತಪ್ಪಾ ಅಂತ ನಮ್ಮಲ್ಲಿ ಇವತ್ತಿಗೂ ವಾದ ಆಗುತ್ತದೆ, ಮದುವೆ ಊಟದ ಪಂಕ್ತಿಯಲ್ಲೂ ಆಗುತ್ತದೆ. ನನ್ನ ಅಭಿಪ್ರಾಯ ಸೇರಿದ್ದು ಸರಿ ಅಂತ, ನನ್ನ ಭಾವನದ್ದು ತಪ್ಪು ಅಂತ. ಎಪ್ಪತ್ತು ವರ್ಷದ ಹಿಂದೆ ಸೋತ ಪಕ್ಷದ ಮಾತನ್ನು ನನ್ನ ಭಾವ ನನ್ನ ಮನೆಯಲ್ಲೇ ಕೂತು, ನನ್ನ ಕಾಫಿ ಕುಡಿದು ಹೇಳುತ್ತಾನೆ. ಹೇಳಲಿ. ಒಂದು ದೇಶದ ಪ್ರಜಾಪ್ರಭುತ್ವ ಹೇಗಿದೆ ಅಂತ ತಿಳಿಯಲು ಗೆದ್ದವನ ಮೆರವಣಿಗೆ ನೋಡಿ ಪ್ರಯೋಜನ ಇಲ್ಲ. ಸೋತವನು ಮರುದಿನ ಎಲ್ಲಿದ್ದಾನೆ, ಏನು ಮಾತಾಡುತ್ತಿದ್ದಾನೆ ಅಂತ ನೋಡಬೇಕು.

ಪ್ರಪಂಚದಲ್ಲಿ ಎಲ್ಲ ಕಡೆ ಕತ್ತಲೆ ಅಂತ ನಾನು ಹೇಳುತ್ತಿಲ್ಲ. ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಟಿವಿಯಲ್ಲಿ ಬಂದು ಸೇನಾಡಳಿತ ಘೋಷಿಸಿದರು. ಸಂಸತ್ತಿಗೆ ಪೊಲೀಸ್ ಕಾವಲು. 67 ವರ್ಷದ ಸ್ಪೀಕರ್ ಬೇಲಿ ಹತ್ತಿ ಒಳಗೆ ಹಾರಿದರು. ನನ್ನದೂ ಸುಮಾರು ಅದೇ ವಯಸ್ಸು, ನಾನು ತೋಟದ ತಡಮೆ ದಾಟುವುದಕ್ಕೇ ಕೋಲು ಹುಡುಕುತ್ತೇನೆ. ಮಧ್ಯರಾತ್ರಿ ಒಂದು ಗಂಟೆ ಹೊತ್ತಿಗೆ 190 ಸದಸ್ಯರು ಸೇರಿ, ಅಧ್ಯಕ್ಷರ ಪಕ್ಷದ ಕೆಲವರೂ ಸೇರಿಯೇ, ಅದನ್ನು ರದ್ದು ಮಾಡಿ ಓಟು ಹಾಕಿದರು. ಮುಂದಿನ ಏಪ್ರಿಲ್ 4ಕ್ಕೆ ಅಲ್ಲಿನ ಸಂವಿಧಾನ ಕೋರ್ಟಿನ ಎಂಟೂ ನ್ಯಾಯಾಧೀಶರು ಒಂದಾಗಿ ಯೂನ್ ಅವರನ್ನು ಕೆಳಗಿಳಿಸಿದರು. ಈ ಸರ್ವಾನುಮತ ನನಗೂ ಇಷ್ಟ ಆಯಿತು. ಟರ್ಕಿಯ ಇಸ್ತಾಂಬುಲ್‌ನಲ್ಲಿ 2019ರಲ್ಲಿ ವಿರೋಧ ಪಕ್ಷದ ಎಕ್ರೆಂ ಇಮಾಮೊಗ್ಲು ಸುಮಾರು 13 ಸಾವಿರ ಓಟಿನಲ್ಲಿ ಮೇಯರ್ ಆಗಿ ಗೆದ್ದರೆ, ಆ ಚುನಾವಣೆಯನ್ನೇ ರದ್ದು ಮಾಡಿ ಮತ್ತೆ ನಡೆಸಿದರು. ಜನ ಎರಡನೇ ಸಲ ಬಂದು ಅಂತರವನ್ನು 8 ಲಕ್ಷ ಮಾಡಿ ಕಳಿಸಿದರು! ಆದರೆ 2025ರ ಮಾರ್ಚ್‌ನಲ್ಲಿ, ಅವರು ಅಧ್ಯಕ್ಷರ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದಾಗ, ಒಂದು ದಿನ ಅವರ ಡಿಗ್ರಿ ಸರ್ಟಿಫಿಕೇಟ್ ರದ್ದಾಯಿತು, ಮರುದಿನ ಬೆಳಿಗ್ಗೆ ಪೊಲೀಸರು ಮನೆಗೆ ಬಂದರು. ಡಿಗ್ರಿ ಇಲ್ಲದೆ ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಹಾಗಿಲ್ಲ. ಅಲ್ಲೂ ಯಾರೋ ಚಪ್ಪಲಿ ಹಾಕಿಕೊಳ್ಳುತ್ತಾ ಲೆಕ್ಕ ಹಾಕಿದ್ದಾರೆ.

ನಮ್ಮಲ್ಲಿ? 1975ರ ಜೂನ್‌ನಿಂದ 1977ರ ಮಾರ್ಚ್ ತನಕ ನಮಗೂ ಆಗಿದೆ, ಅದನ್ನು ಓಟಿನಿಂದಲೇ ಸರಿ ಮಾಡಿಕೊಂಡೆವು ಅನ್ನುವ ಹೆಮ್ಮೆಯೂ ಇದೆ. ಈಗಿನದ್ದು ಅಷ್ಟು ಎದ್ದು ಕಾಣುವುದಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ಸೂರತ್ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕಾರ ಆಯಿತು, ಉಳಿದವರೆಲ್ಲ ವಾಪಸ್ ತಗೊಂಡರು, ಬಿಜೆಪಿ ಅಭ್ಯರ್ಥಿ ಅವಿರೋಧ. ಲಕ್ಷಗಟ್ಟಲೆ ಮತದಾರರಿಗೆ ನೋಟಾ ಒತ್ತುವ ಅವಕಾಶವೂ ಇಲ್ಲ. ಬಿಜೆಪಿಯವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. 1951ರಲ್ಲಿ ಜಮ್ಮು ಕಾಶ್ಮೀರದ ಸಂವಿಧಾನ ಸಭೆಗೆ ನ್ಯಾಷನಲ್ ಕಾನ್ಫರೆನ್ಸಿನವರು 75ಕ್ಕೆ 75 ಗೆದ್ದಿದ್ದರು, ಅದರಲ್ಲಿ 73 ಅವಿರೋಧ. ಅದರ ಫಲ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಮ್ಮ ರಾಜ್ಯದ್ದು ಇನ್ನೊಂದು ಬಗೆ. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬರು ಕಟ್ಟಿ, 1987ರಲ್ಲಿ ದೇಶಕ್ಕೇ ಮಾದರಿ ಅನ್ನಿಸಿಕೊಂಡ ಜಿಲ್ಲಾ ಪರಿಷತ್ತಿನ ನಾಡು ಇದು. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಐದು ವರ್ಷ ಮುಗಿಯುವ ಮುಂಚೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಇದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಬಿಜೆಪಿ ಸರ್ಕಾರವೂ ಕಾಂಗ್ರೆಸ್ ಸರ್ಕಾರವೂ ವರ್ಷಗಟ್ಟಲೆ ಮುಂದೆ ತಳ್ಳಿದವು. ಮೆಂಬರುಗಳ ಕುರ್ಚಿಯಲ್ಲಿ ಅಧಿಕಾರಿಗಳು ಕೂತರು. ನಾವು ಒಂದು ದಿನ ಬೀದಿಗೆ ಇಳಿಯಲಿಲ್ಲ. ಸೊಸೈಟಿಯಲ್ಲಿ ನಾಮಪತ್ರ ವಾಪಸ್ ತಗೊಂಡು ತಗೊಂಡು ಅಭ್ಯಾಸ ಆದವರಿಗೆ ಅದು ನಷ್ಟ ಅಂತ ಅನ್ನಿಸಲೇ ಇಲ್ಲ.

ಸಂಪಾದಕರೇ, ಪುಟಿನ್‌ಗೆ ಪತ್ರ ಬರೆದರೆ ಅವರು ಓದುವುದಿಲ್ಲ. ನೀವು ಓದುತ್ತೀರಿ. ಅದಕ್ಕೇ ನಿಮ್ಮ ಹತ್ತಿರ ಒಂದು ಸಣ್ಣ ಕೋರಿಕೆ. ಇನ್ನು ಮುಂದೆ ಸೊಸೈಟಿ, ದೇವಸ್ಥಾನ ಸಮಿತಿ, ಪಂಚಾಯಿತಿ, ಯಾವುದೇ ಇರಲಿ, ‘ಅವಿರೋಧ ಆಯ್ಕೆ’ ಅಂತ ಹಾರದ ಫೋಟೋ ಹಾಕುವಾಗ ಕೆಳಗೆ ಎರಡು ಸಾಲು ಸೇರಿಸಿ. ಒಟ್ಟು ಎಷ್ಟು ಜನ ನಾಮಪತ್ರ ಹಾಕಿದ್ದರು, ಎಷ್ಟು ಜನ ಯಾವ ದಿನ ವಾಪಸ್ ತಗೊಂಡರು. ಚುನಾವಣಾಧಿಕಾರಿ ಹತ್ತಿರ ಆ ಪಟ್ಟಿ ಇರುತ್ತದೆ, ನಿಮ್ಮ ವರದಿಗಾರರು ಕೇಳಿದರೆ ಐದು ನಿಮಿಷದ ಕೆಲಸ. ನಮ್ಮ ಸೊಸೈಟಿಯದ್ದು ನಾನೇ ಹೇಳುತ್ತೇನೆ, ಹಾಕಿದವರು 14, ವಾಪಸ್ ತಗೊಂಡವರು 1. ಅವನ ಸಾಲ ರಿನೀವಲ್ ಆಗಿದೆ. ಗೋದಾಮಿನ ಲೆಕ್ಕ ಇನ್ನೂ ಬಂದಿಲ್ಲ, ಮುಂದಿನ ಮಹಾಸಭೆಗೆ ನಾನೂ ಶೇರುದಾರನಾಗಿ ಹೋಗುತ್ತಿದ್ದೇನೆ, ಸುಬೇದಾರರೂ ಬರುತ್ತೇನೆ ಅಂದಿದ್ದಾರೆ.

ಇಂತಿ,
ಒಬ್ಬ ನಿವೃತ್ತ ಗಣಿತ ಮೇಷ್ಟ್ರು,
ಮಡಿಕೇರಿ ತಾಲ್ಲೂಕು, ಕೊಡಗು